ಮುತ್ತು, ಕಲ್ಲಿದ್ದಲು ಮತ್ತು ಪ್ರಚಾರ: ಒಂದು ಫ್ಯಾಂಟಸಿ ಕಾದಂಬರಿಯ ಪ್ರಕರಣ ಅಧ್ಯಯನ

2012ರ ಆಗಸ್ಟ್ 20, ಸೋಮವಾರ. ಅಮೆರಿಕದ ಫ್ಯಾಂಟಸಿ ಕಥೆಗಳ ಪತ್ರಿಕೆ 'ವಿಯರ್ಡ್ ಟೇಲ್ಸ್'ನ ಸಂಪಾದಕ ಮಾರ್ವಿನ್ ಕೇ ಪತ್ರಿಕೆಯ ವೆಬ್‌ಸೈಟಿನಲ್ಲಿ ಒಂದು ಟಿಪ್ಪಣಿ ಹಾಕಿದರು. ವಿಕ್ಟೋರಿಯಾ ಫಾಯ್ಟ್ ಬರೆದ 'ಸೇವ್ ದ ಪರ್ಲ್ಸ್: ರಿವೀಲಿಂಗ್ ಈಡನ್' ಎಂಬ ಕಾದಂಬರಿಯಲ್ಲಿ ಜನಾಂಗೀಯ ತಿರಸ್ಕಾರ ಎಳ್ಳಷ್ಟೂ ಇಲ್ಲ, ಅದರ ಮೊದಲ ಅಧ್ಯಾಯವನ್ನು ಮುಂದಿನ ಸಂಚಿಕೆಯೊಂದರಲ್ಲಿ ಪ್ರಕಟಿಸುತ್ತೇವೆ ಎಂಬುದು ಅದರ ಸಾರ. ಸಂಜೆಯಾಗುವಷ್ಟರಲ್ಲಿ ಟಿಪ್ಪಣಿ ಮಾಯವಾಗಿತ್ತು. ಪತ್ರಿಕೆಯ ಪ್ರಕಾಶಕ ಜಾನ್ ಹಾರ್ಲಾಕರ್ ಕ್ಷಮೆ ಕೇಳಿದ್ದರು, ಅಧ್ಯಾಯ ಪ್ರಕಟವಾಗುವುದಿಲ್ಲ ಎಂದು ಘೋಷಿಸಿದ್ದರು. ಅದೇ ಪತ್ರಿಕೆಯನ್ನು ಕೆಲ ವರ್ಷ ಹಿಂದೆ ವೈಜ್ಞಾನಿಕ ಕಥೆ, ಫ್ಯಾಂಟಸಿಗೆ ಕೊಡುವ ಹ್ಯೂಗೊ ಪ್ರಶಸ್ತಿಯವರೆಗೆ ಒಯ್ದಿದ್ದ ಆನ್ ವಾಂಡರ್ಮೀರ್ ರಾಜೀನಾಮೆ ಕೊಟ್ಟಿದ್ದರು.

ಐದು ದಿನಗಳ ನಂತರ, ಆಗಸ್ಟ್ 25ರಂದು, ನ್ಯೂಯಾರ್ಕ್ ಟೈಮ್ಸ್‌ನಲ್ಲಿ ದುಡ್ಡು ಕೊಟ್ಟರೆ ಸಿಗುವ ಪುಸ್ತಕ ವಿಮರ್ಶೆಗಳ ಮೇಲೆ ಒಂದು ದೊಡ್ಡ ವರದಿ ಬಂತು. ಎರಡೂ ಘಟನೆಗಳಿಗೆ ನೇರ ನಂಟಿಲ್ಲ. ಫಾಯ್ಟ್ ವಿಮರ್ಶೆ ಕೊಂಡುಕೊಂಡರೆಂದು ಇಲ್ಲಿ ಯಾರೂ ಹೇಳುತ್ತಿಲ್ಲ, 'ವಿಯರ್ಡ್ ಟೇಲ್ಸ್' ದುಡ್ಡು ತೆಗೆದುಕೊಂಡಿತೆಂದೂ ಅಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲು ಕಾರಣ ಬೇರೆ. ಪುಸ್ತಕವೊಂದನ್ನು ಶಿಫಾರಸು ಮಾಡುವವರು ಎರಡು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಈ ಶಿಫಾರಸಿನ ಹಿಂದೆ ಏನು ಕೈ ಬದಲಾಗಿದೆ? ಪುಸ್ತಕದೊಳಗೆ ಏನಿದೆ ಎಂದು ನೋಡಿಯೇ ಹೇಳುತ್ತಿದ್ದೀರಾ? ಮೊದಲನೆಯದಕ್ಕೆ ಇವತ್ತು ಕಾನೂನಿದೆ, ಲೇಬಲ್ ಇದೆ, ದಂಡವೂ ಇದೆ. ಎರಡನೆಯದಕ್ಕೆ ಯಾವ ಲೇಬಲ್ಲೂ ಇಲ್ಲ. ಲೇಬಲ್ ಅಂಟಿಸಿ ಕೈತೊಳೆದುಕೊಂಡವರು ಎಡವುವುದು ಇಲ್ಲೇ. ಈ ಪ್ರಕರಣದಲ್ಲಂತೂ ಹಣದ ಆರೋಪವೇ ಇಲ್ಲದೆ ಒಂದು ಪತ್ರಿಕೆಯ ಹೆಸರು ಅರ್ಧ ದಿನದಲ್ಲಿ ಮಣ್ಣುಪಾಲಾಯಿತು.

ಪುಸ್ತಕದೊಳಗೆ ಏನಿತ್ತು

ಕಾದಂಬರಿ ಬಂದದ್ದು 2012ರ ಆರಂಭದಲ್ಲಿ. ಸ್ವಯಂಪ್ರಕಟಿತ, ಕಿಶೋರ ಓದುಗರಿಗೆಂದು ಬರೆದದ್ದು. ಸೂರ್ಯನ ತಾಪ ಹೆಚ್ಚಿ ಭೂಮಿ ಸುಟ್ಟುಹೋಗಿದೆ, ಉಳಿದವರು ನೆಲದಡಿಯಲ್ಲಿ ಬದುಕುತ್ತಿದ್ದಾರೆ. ಮೈಬಣ್ಣ ಗಾಢವಾಗಿದ್ದಷ್ಟೂ ತಾಪ ತಡೆಯುವ ಶಕ್ತಿ ಹೆಚ್ಚು, ಹಾಗಾಗಿ ಅಧಿಕಾರವೆಲ್ಲ ಕಪ್ಪು ಜನರ ಕೈಲಿ. ಬಿಳಿಯರು ಅಲ್ಪಸಂಖ್ಯಾತರು, ಕುರೂಪಿಗಳೆಂದು ಎಣಿಸಲ್ಪಟ್ಟವರು. ನಾಯಕಿ ಈಡನ್ ಬಿಳಿ ಹುಡುಗಿ. ಹದಿನೆಂಟು ತುಂಬುವುದರೊಳಗೆ ಸಂಗಾತಿ ಸಿಗದಿದ್ದರೆ ಅವಳಿಗೆ ಸಾವೇ ಗತಿ. ಮೈಗೆ ಕಪ್ಪು ಲೇಪ ಬಳಿದುಕೊಂಡು ಓಡಾಡುತ್ತಾಳೆ. ಅವಳ ತಂದೆ ವಿಜ್ಞಾನಿ. ಮನುಷ್ಯರಿಗೆ ಪ್ರಾಣಿಗಳ ವಂಶವಾಹಿ ಬೆರೆಸಿ ತಾಪ ತಾಳುವಂತೆ ಮಾಡುವ ಅವನ ಪ್ರಯೋಗಕ್ಕೆ ಬ್ರ್ಯಾಮ್‌ಫರ್ಡ್ ಎಂಬ ಪ್ರಬಲ ಕಪ್ಪು ಪುರುಷ ಒಡ್ಡಿಕೊಂಡು ಅರೆಮೃಗವಾಗುತ್ತಾನೆ. ನಾಯಕಿ ಅವನಿಗೆ ಮನಸೋಲುತ್ತಾಳೆ.

ಈ ಲೋಕದಲ್ಲಿ ಬಿಳಿಯರ ಹೆಸರು 'ಪರ್ಲ್ಸ್', ಅಂದರೆ ಮುತ್ತುಗಳು. ಕಪ್ಪು ಜನ 'ಕೋಲ್ಸ್', ಕಲ್ಲಿದ್ದಲು. ಏಷ್ಯಾದವರಿಗೆ ಅಂಬರ್, ಲ್ಯಾಟಿನೊಗಳಿಗೆ ಟೈಗರ್ಸ್ ಐ ಎಂಬ ಕಲ್ಲಿನ ಹೆಸರು, ಹುಟ್ಟಿನಿಂದಲೇ ಮೈಯಲ್ಲಿ ಬಣ್ಣವಿಲ್ಲದ ಆಲ್ಬಿನೊಗಳಿಗೆ ಹತ್ತಿ. ಆಳುವವರು ತಮಗೆ ಇದ್ದಿಲಿನ ಹೆಸರಿಟ್ಟುಕೊಂಡು, ತುಳಿತಕ್ಕೊಳಗಾದವರಿಗೆ ಮುತ್ತಿನ ಹೆಸರು ಬಿಟ್ಟುಕೊಟ್ಟಿದ್ದಾರೆ! ಇಡೀ ಕಟ್ಟಡದ ಬಿರುಕು ಕಾಣುವುದು ಇಲ್ಲೇ. ಜಗತ್ತನ್ನು ತಲೆಕೆಳಗು ಮಾಡುತ್ತೇನೆಂದು ಹೊರಟ ಲೇಖಕಿ ಅಧಿಕಾರವನ್ನು ಮಾತ್ರ ತಲೆಕೆಳಗು ಮಾಡಿದರು, ಬೆಲೆಯನ್ನು ಮಾಡಲಿಲ್ಲ. ಕಾದಂಬರಿಯ ಆರಂಭದಲ್ಲೇ ಕಪ್ಪು ಜನರಲ್ಲೊಬ್ಬರ ಕೈ ತಾಗಿದ್ದಕ್ಕೆ ಈಡನ್ ಬೆಚ್ಚುತ್ತಾಳೆ, 'ಕೋಲ್' ಎಂಬುದನ್ನೇ ಬೈಗುಳವಾಗಿ ಎಸೆಯುತ್ತಾಳೆ. ದಮನಕ್ಕೊಳಗಾದವಳ ಬಾಯಲ್ಲಿರುವುದು ದಬ್ಬಾಳಿಕೆ ನಡೆಸಿದವರ ಹಳೆಯ ಭಾಷೆ.

ವಿಜ್ಞಾನದ ಲೆಕ್ಕವೂ ಕೂಡುವುದಿಲ್ಲ. ಮೆಲನಿನ್ ಕಾಪಾಡುವುದು ನೇರಳಾತೀತ ಕಿರಣಗಳಿಂದ, ಉಷ್ಣದಿಂದಲ್ಲ. ಬೆಳಕನ್ನು ಹೀರಿ ಬಿಸಿಯಾಗುವುದರಲ್ಲಿ ಗಾಢ ಬಣ್ಣವೇ ಮುಂದು. ಫ್ಯಾಂಟಸಿಗೆ ಇಷ್ಟು ರಿಯಾಯಿತಿ ಕೊಡಬಹುದು, ಆದರೆ ಅಡಿಪಾಯದ ಈ ತಪ್ಪು ಯಾರ ಗಮನಕ್ಕೂ ಬರದೆ ಅಚ್ಚಿನವರೆಗೆ ಹೋಗಿದೆ ಎಂದರೆ ಹಸ್ತಪ್ರತಿ ಎಂಥ ಕೈಗಳನ್ನು ದಾಟಿ ಬಂತು ಎಂಬ ಅನುಮಾನ ಸಹಜ.

ಕಪ್ಪು ಪುರುಷನನ್ನು ಮೃಗವಾಗಿಸುವುದು, ಆ ಮೃಗತ್ವದ ಬಲಕ್ಕೆ ಬಿಳಿ ಹೆಣ್ಣು ಮರುಳಾಗುವುದು ಹೊಸ ಕಲ್ಪನೆಯಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಗಂಡಸರನ್ನು ಗುಂಪು ಸೇರಿ ಕೊಂದಾಗ ಕೊಟ್ಟ ಸಮರ್ಥನೆಗಳಲ್ಲಿ ಈ ಚಿತ್ರ ಮತ್ತೆ ಮತ್ತೆ ಬರುತ್ತದೆ. ಮುಖಕ್ಕೆ ಮಸಿ ಬಳಿದುಕೊಳ್ಳುವುದಕ್ಕೂ ಹಾಗೆಯೇ ಇತಿಹಾಸವಿದೆ. 1830ರ ದಶಕದಿಂದ ಬಿಳಿ ನಟರು ಮುಖಕ್ಕೆ ಮಸಿ, ತುಟಿಗೆ ದಪ್ಪ ಬಣ್ಣ ಹಚ್ಚಿ ಕಪ್ಪು ಜನರನ್ನು ಅಣಕಿಸಿ ಹಣ ಮಾಡಿದ ಮಿನ್‌ಸ್ಟ್ರೆಲ್ ಪ್ರದರ್ಶನಗಳು ಅಲ್ಲಿ ನೂರು ವರ್ಷ ನಡೆದವು. ಕಪ್ಪು ಜನರನ್ನು ಬಿಳಿಯರಿಂದ ಬೇರೆ ಇಡುತ್ತಿದ್ದ ಕಾನೂನುಗಳಿಗೆ ಅಂಟಿಕೊಂಡ 'ಜಿಮ್ ಕ್ರೋ' ಎಂಬ ಹೆಸರು ಇಂಥ ಒಂದು ಪಾತ್ರದ್ದೇ. ಇಷ್ಟು ಭಾರ ಹೊತ್ತ ಚಿತ್ರವನ್ನು ಕಥೆಯೊಳಗೆ ತರಬಾರದೆಂದಿಲ್ಲ. ತಂದವರಿಗೆ ಅದರ ತೂಕ ಗೊತ್ತಿರಬೇಕು. ಹಾರ್ಲಾಕರ್ ತಮ್ಮ ಕ್ಷಮಾಪಣೆಯಲ್ಲಿ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ: ತಾನು ಆಡುತ್ತಿರುವ ಸಂಕೇತಗಳ ಶಕ್ತಿ ಏನೆಂದು ತಿಳಿಯದವರ ಕೆಲಸದಂತೆ ಇದು ಕಾಣುತ್ತದೆ ಎಂದು.

ಪ್ರಚಾರದ ದಾರಿ

ಪುಸ್ತಕ ಹೊರಬಂದ ಕೂಡಲೇ ಗದ್ದಲವಾಗಲಿಲ್ಲ. ತಿಂಗಳುಗಟ್ಟಲೆ ಅದು ಸ್ವಯಂಪ್ರಕಟಿತ ಪುಸ್ತಕಗಳ ಮಾಮೂಲಿ ದಾರಿಯಲ್ಲೇ ಸಾಗಿತು. ಸಣ್ಣ ಪ್ರಕಾಶನಗಳಿಗೆಂದೇ ಇರುವ, ಪ್ರವೇಶ ಶುಲ್ಕ ಕಟ್ಟಿ ಸ್ಪರ್ಧಿಸುವಂಥ ಪ್ರಶಸ್ತಿಗಳ ಮನ್ನಣೆ ಬಂತು, ಪುಸ್ತಕಪ್ರಿಯರ ತಾಣಗಳಲ್ಲಿ ಮೆಚ್ಚುಗೆಯ ವಿಮರ್ಶೆಗಳು ಬಂದವು. ಪುಸ್ತಕಕ್ಕೇ ಒಂದು ವೆಬ್‌ಸೈಟ್ ಇತ್ತು, ಬಿಳಿ ಹುಡುಗಿಯೊಬ್ಬಳು ಮುಖಕ್ಕೆ ಕಪ್ಪು ಬಳಿದುಕೊಂಡು ಈಡನ್ ಆಗಿ ಕ್ಯಾಮೆರಾ ಎದುರು ಮಾತಾಡುವ ಪ್ರಚಾರ ವಿಡಿಯೊ ಇತ್ತು.

ಆ ವಿಡಿಯೊದ ಮೇಲೆ ಸ್ವಲ್ಪ ನಿಲ್ಲಬೇಕು. ಮುನ್ನೂರು ಪುಟದ ಕಾದಂಬರಿಯಲ್ಲಿ ಲೇಪ ಬಳಿದುಕೊಳ್ಳುವುದಕ್ಕೆ ಒಂದು ಕಾರಣ, ಒಂದು ಸಂದರ್ಭ ಇರುತ್ತದೆ. ಒಂದೆರಡು ನಿಮಿಷದ ಪ್ರಚಾರ ವಿಡಿಯೊದಲ್ಲಿ ಆ ಸಂದರ್ಭ ಉಳಿಯುವುದಿಲ್ಲ, ಮಸಿ ಬಳಿದ ಮುಖ ಮಾತ್ರ ಉಳಿಯುತ್ತದೆ. ಪ್ರಚಾರ ಸಾಮಗ್ರಿಯ ಸ್ವಭಾವವೇ ಅದು: ಪುಸ್ತಕದಲ್ಲಿ ಕಣ್ಣಿಗೆ ಹೊಡೆಯುವ ಒಂದು ಚಿತ್ರವನ್ನು ಕಿತ್ತು ದೊಡ್ಡದು ಮಾಡುವುದು. ಪೂರ್ವಗ್ರಹ ಪುಸ್ತಕದಲ್ಲಿ ಹತ್ತು ಪಾಲಿದ್ದರೆ ಪೋಸ್ಟರಿನಲ್ಲಿ ಐವತ್ತು ಪಾಲಾಗುತ್ತದೆ. ಹಾಗಾಗಿ 'ಪೂರ್ತಿ ಓದಿ ಆಮೇಲೆ ಮಾತಾಡಿ' ಎಂಬ ವಾದ ಕಾದಂಬರಿಗೆ ಒಪ್ಪುತ್ತದೆ, ಮುಖಪುಟಕ್ಕೂ ಟ್ರೇಲರಿಗೂ ಒಪ್ಪುವುದಿಲ್ಲ. ಅವನ್ನು ಮಾಡುವುದೇ ಪುಸ್ತಕ ಓದದವರಿಗಾಗಿ.

ಜುಲೈ ಕೊನೆ, ಆಗಸ್ಟ್ ಆರಂಭದ ಹೊತ್ತಿಗೆ ಕಪ್ಪು ಓದುಗರು, ಲೇಖಕರು ಪುಸ್ತಕದ ಮೇಲೆ ಬರೆಯತೊಡಗಿದರು. ಲೇಖಕಿಯ ಸಮರ್ಥನೆ ಬೆಂಕಿಗೆ ತುಪ್ಪ ಸುರಿಯಿತು. ಅದರ ಒಂದು ಎಳೆ ಹೀಗಿತ್ತು: ಮೊದಲು ಓದಿದ ವಿಮರ್ಶಕರು ಮೆಚ್ಚಿದ್ದಾರೆ, ಅವರಿಗೆ ಇದು ಜನಾಂಗೀಯವೆಂದು ಕಾಣಲಿಲ್ಲ, ಅವರೆಲ್ಲ ಬಿಳಿಯರೇ ಎಂದು ನೀವು ಕೇಳಿದರೆ ಜನಾಂಗೀಯ ದೃಷ್ಟಿ ನಿಮ್ಮದೇ. ಆಫ್ರಿಕನ್-ಅಮೆರಿಕನ್ ಸಮುದಾಯ ಎಂಬುದು ಈಗಲೂ ಉಳಿದಿದೆಯೇ ಎಂದು ಶಂಕಿಸುವ ಧಾಟಿಯ ಮಾತೂ ಅದರಲ್ಲಿತ್ತು.

ಪ್ರಚಾರ ಮತ್ತು ಪೂರ್ವಗ್ರಹ ಒಂದಕ್ಕೊಂದು ಗಂಟು ಬೀಳುವ ಜಾಗ ಇದು. ಮೊದಲ ವಿಮರ್ಶಕರು ಯಾರೆಂದು ತೀರ್ಮಾನಿಸುವುದು ಪುಸ್ತಕ ಹಂಚುವವರು. ಪ್ರತಿ ಹೋಗುವುದು ಆ ಬಗೆಯ ಪುಸ್ತಕ ಇಷ್ಟಪಡುವವರಿಗೆ, ಪುಕ್ಕಟೆ ಪ್ರತಿಗೆ ಒಳ್ಳೆಯ ಮಾತು ಬರೆಯುವ ರೂಢಿ ಇರುವವರಿಗೆ, ಹಿಂದಿನ ಸಲ ನಾಲ್ಕೋ ಐದೋ ನಕ್ಷತ್ರ ಕೊಟ್ಟವರಿಗೆ. ಹೀಗೆ ಜರಡಿ ಹಿಡಿದು ಆರಿಸಿದ ಓದುಗರ ಮೆಚ್ಚುಗೆಯನ್ನು ತಂದು 'ಯಾರಿಗೂ ನೋವಾಗಿಲ್ಲ' ಎಂಬುದಕ್ಕೆ ಸಾಕ್ಷಿ ಮಾಡಿದರೆ ಅದು ನಿಲ್ಲುವುದಿಲ್ಲ. ನೋವಾಗಬಹುದಾದವರ ಕೈಗೆ ಪುಸ್ತಕ ತಲುಪಿಯೇ ಇರಲಿಲ್ಲ.

ಎದುರು ಪಾಳಯವೂ ಎಲ್ಲದರಲ್ಲೂ ನೇರವಾಗಿ ನಡೆದುಕೊಂಡಿತೆನ್ನಲಾಗದು. ಗದ್ದಲ ಎದ್ದ ಮೇಲೆ ಪುಸ್ತಕ ಮುಟ್ಟದವರೂ ಅಮೆಜಾನ್‌ನಲ್ಲಿ ಒಂದು ನಕ್ಷತ್ರ ಒತ್ತಿ ಬಂದರು. ಮುಖಪುಟ ಮತ್ತು ವಿಡಿಯೊ ಮೇಲೆ ಮಾತಾಡಲು ಓದಬೇಕಿಲ್ಲ, ಸರಿ. ಓದುಗರ ವಿಮರ್ಶೆ ಎಂಬ ಜಾಗದಲ್ಲಿ ಬರೆಯಲು ಮಾತ್ರ ಓದಿರಲೇಬೇಕು. ಓದದೆ ಕೊಟ್ಟ ಒಂದು ನಕ್ಷತ್ರ, ಓದದೆ ಕೊಟ್ಟ ಐದು ನಕ್ಷತ್ರ, ಎರಡೂ ಒಂದೇ ಜಾತಿ.

ಪತ್ರಿಕೆ ಎಡವಿದ್ದೆಲ್ಲಿ

'ವಿಯರ್ಡ್ ಟೇಲ್ಸ್' ಶುರುವಾದದ್ದು 1923ರಲ್ಲಿ. ಭಯಾನಕ ಕಥೆಗಳ ಲೇಖಕ ಎಚ್.ಪಿ. ಲವ್‌ಕ್ರಾಫ್ಟ್ ಅಂಥವರು ಬೆಳೆದದ್ದು ಆ ಪುಟಗಳಲ್ಲಿ. ಲವ್‌ಕ್ರಾಫ್ಟ್‌ರ ಜನಾಂಗ ದ್ವೇಷ ಗುಟ್ಟಿನ ವಿಷಯವಲ್ಲ. 2011ರಲ್ಲಿ ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿ ಗೆದ್ದ ಕಪ್ಪು ಲೇಖಕಿ ನ್ನೆಡಿ ಒಕೊರಾಫೊರ್, ಪ್ರಶಸ್ತಿಯಾಗಿ ಬಂದ ಲವ್‌ಕ್ರಾಫ್ಟ್ ತಲೆಯ ಪ್ರತಿಮೆಯನ್ನು ಮನೆಯಲ್ಲಿಟ್ಟುಕೊಳ್ಳುವುದು ಹೇಗೆಂದು ಬಹಿರಂಗವಾಗಿಯೇ ಕೇಳಿದ್ದರು. 2015ರಲ್ಲಿ ಆ ಪ್ರತಿಮೆಯನ್ನು ಕೈಬಿಡಲಾಯಿತು. ಇಂಥ ಪರಂಪರೆ ಬೆನ್ನಿಗಿರುವ ಪತ್ರಿಕೆ ಬೇರೆ ಪತ್ರಿಕೆಗಳಿಗಿಂತ ಹೆಚ್ಚು ಎಚ್ಚರದಿಂದ ಇರಬೇಕಿತ್ತು. ಇತ್ತು ಕೂಡ. 2007ರಲ್ಲಿ ಕಥಾ ಸಂಪಾದಕಿಯಾಗಿ ಬಂದ ವಾಂಡರ್ಮೀರ್ ಹೊಸ ಬರಹಗಾರರಿಗೆ ಬಾಗಿಲು ತೆರೆದಿದ್ದರು. 2009ರ ಹ್ಯೂಗೊ ಬಂದದ್ದು ಆ ಅವಧಿಯಲ್ಲಿ. 2011ರಲ್ಲಿ ಕೇ ಮತ್ತು ಹಾರ್ಲಾಕರ್ ಪತ್ರಿಕೆಯನ್ನು ಕೊಂಡರು, ಕೇ ತಾವೇ ಸಂಪಾದಕರಾದರು, ವಾಂಡರ್ಮೀರ್ ಪಕ್ಕಕ್ಕೆ ಸರಿಯಬೇಕಾಯಿತು, ಆದರೂ ಪತ್ರಿಕೆಯ ನಂಟು ಪೂರ್ತಿ ಕಡಿದಿರಲಿಲ್ಲ.

ಅಧ್ಯಾಯ ಪ್ರಕಟಿಸುವ ತೀರ್ಮಾನ ಎಷ್ಟು ಕೆಟ್ಟದೋ, ಅದನ್ನು ಘೋಷಿಸಿದ ಬಗೆ ಅದಕ್ಕಿಂತ ಕೆಟ್ಟದು. ಕಾದಂಬರಿಯ ಭಾಗವೊಂದನ್ನು ಪತ್ರಿಕೆಯಲ್ಲಿ ಕೊಡುವುದು ಹಳೆಯ ಪದ್ಧತಿ, ಅದು ಅರ್ಧ ಸಾಹಿತ್ಯ, ಅರ್ಧ ಜಾಹೀರಾತು ಎಂದು ಓದುಗರಿಗೂ ಗೊತ್ತು. ಕೇ ಮಾಡಿದ್ದು ಬೇರೆ. ಎದ್ದಿದ್ದ ಆಕ್ಷೇಪಕ್ಕೆ ಉತ್ತರವಾಗಿ ಆ ಭಾಗವನ್ನು ಮುಂದಿಟ್ಟರು. ಪುಸ್ತಕದಲ್ಲಿ ತಪ್ಪಿಲ್ಲವೆಂಬ ತೀರ್ಪನ್ನು ತಲೆಬರಹದಲ್ಲೇ ಕೊಟ್ಟರು. ಆಕ್ಷೇಪಿಸಿದ ಕಪ್ಪು ಬರಹಗಾರರ ಒಂದು ವಾದವನ್ನೂ ಎತ್ತಿಕೊಂಡು ಎದುರಿಸಲಿಲ್ಲ. ಪತ್ರಿಕೆಯ ತೊಂಬತ್ತು ವರ್ಷದ ಹೆಸರನ್ನು ಒಬ್ಬ ಲೇಖಕಿಯ ಚಾರಿತ್ರ್ಯಕ್ಕೆ ಜಾಮೀನಾಗಿ ಇಟ್ಟಂತಾಯಿತು. ಇಂಥ ಜಾಮೀನನ್ನು ಲಕ್ಷ ರೂಪಾಯಿಯ ಜಾಹೀರಾತೂ ಕೊಂಡುಕೊಳ್ಳಲಾರದು. ಅದಕ್ಕೇ ದುಡ್ಡಿಲ್ಲದೆ ಮಾಡಿದ ಪ್ರಚಾರವೆಲ್ಲ ಶುದ್ಧ ಎಂಬ ನಂಬಿಕೆ ಅಪಾಯಕಾರಿ.

ಪ್ರಕಾಶಕರ ನಡೆ ಒಂದು ಮಟ್ಟಿಗೆ ಸರಿ. ಬೇಗ ಮಾತಾಡಿದರು, 'ಯಾರಿಗಾದರೂ ನೋವಾಗಿದ್ದರೆ' ಎಂಬ ಅಡ್ಡಗೋಡೆಯ ಮೇಲಿನ ದೀಪ ಇಡಲಿಲ್ಲ, ಪುಸ್ತಕದ ಯಾವ ಯಾವ ಸಂಗತಿ ತಪ್ಪೆಂದು ಹೆಸರಿಸಿದರು, ಅಧ್ಯಾಯ ಬರುವುದಿಲ್ಲವೆಂದು ಖಚಿತವಾಗಿ ಹೇಳಿದರು. ತಪ್ಪಿದ್ದು ಒಂದರಲ್ಲಿ. ಸಂಪಾದಕರ ಮೂಲ ಟಿಪ್ಪಣಿಯನ್ನು ತೆಗೆದುಹಾಕಿಬಿಟ್ಟರು. ಯಾವುದಕ್ಕೆ ಕ್ಷಮೆ ಕೇಳುತ್ತಿದ್ದಾರೋ ಅದೇ ಕಾಣದ ಮೇಲೆ ಓದುಗರು ಉಳಿಸಿಟ್ಟುಕೊಂಡ ಪ್ರತಿಗಳು ಅತ್ತಿತ್ತ ಓಡಾಡಿದವು, ಮುಚ್ಚಿಡುವ ಪ್ರಯತ್ನವೆಂಬ ಇನ್ನೊಂದು ಆರೋಪ ಹುಟ್ಟಿತು. ಪತ್ರಿಕೆ 2014ರ ಸಂಚಿಕೆಯ ನಂತರ ನಿಂತುಹೋಗಿ 2019ರಲ್ಲಿ ಹೊಸ ತಂಡದೊಂದಿಗೆ ಮತ್ತೆ ಬಂತು. ನಿಂತದ್ದಕ್ಕೆ ಇದೊಂದೇ ಕಾರಣ ಎನ್ನುವುದು ಅತಿಯಾದೀತು.

ದುಡ್ಡಿನ ಲೆಕ್ಕ

ಈಗ ಆಗಸ್ಟ್ 25ರ ವರದಿಗೆ ಬರೋಣ. ಅಮೆರಿಕದ ಒಬ್ಬ ವ್ಯಕ್ತಿ ನಡೆಸುತ್ತಿದ್ದ ಸೇವೆಯ ದರಪಟ್ಟಿ ಅದರಲ್ಲಿತ್ತು: ಒಂದು ವಿಮರ್ಶೆಗೆ 99 ಡಾಲರ್, ಇಪ್ಪತ್ತಕ್ಕೆ 499, ಐವತ್ತಕ್ಕೆ 999. ಒಂದು ಹಂತದಲ್ಲಿ ತಿಂಗಳಿಗೆ 28,000 ಡಾಲರ್ ವಹಿವಾಟು. ಬರೆಯುವವರಿಗೆ ಸಿಗುತ್ತಿದ್ದುದು ಪುಡಿಗಾಸು. ಪುಸ್ತಕಕ್ಕೆ ಐದು ನಕ್ಷತ್ರ ಕೊಡಲು ಮನಸ್ಸಾಗದಿದ್ದರೆ ಹಾಗೆಂದು ಹೇಳಿ ಅರ್ಧ ಹಣ ತೆಗೆದುಕೊಂಡು ಸುಮ್ಮನಾಗಬಹುದಿತ್ತು. ಸುಳ್ಳು ಬರೆಯಿರಿ ಎಂದು ಯಾರೂ ಹೇಳಿಲ್ಲ. ನಿಜ ಬರೆದರೆ ಅರ್ಧ, ಅದೂ ಪ್ರಕಟವಾಗುವುದಿಲ್ಲ, ಅಷ್ಟೆ. ವ್ಯವಸ್ಥೆಯೇ ಸುಳ್ಳನ್ನು ಹೆರುವಂತೆ ಕಟ್ಟಿದ ಮೇಲೆ ಬಾಯಿಬಿಟ್ಟು ಸುಳ್ಳು ಕೇಳುವ ಅಗತ್ಯ ಬರುವುದಿಲ್ಲ.

ಅಮೆರಿಕದ ವ್ಯಾಪಾರ ಆಯೋಗ ಎಫ್‌ಟಿಸಿಯ ನಿಯಮ ಆಗಲೇ ಜಾರಿಯಲ್ಲಿತ್ತು. 2009ರ ಡಿಸೆಂಬರ್ 1ರಿಂದ ಹಣ ಅಥವಾ ವಸ್ತು ಪಡೆದು ಮೆಚ್ಚುಗೆ ಬರೆಯುವವರು ಅದನ್ನು ಹೇಳಲೇಬೇಕಿತ್ತು. ಅಮೆಜಾನ್ 2016ರ ಅಕ್ಟೋಬರಿನಲ್ಲಿ ಉಡುಗೊರೆ ಪಡೆದು ಬರೆಯುವ ವಿಮರ್ಶೆಗಳನ್ನು ನಿಷೇಧಿಸಿತಾದರೂ ಪುಸ್ತಕಗಳ ಮುಂಗಡ ಪ್ರತಿಗೆ ವಿನಾಯಿತಿ ಉಳಿಸಿತು. 2024ರ ಅಕ್ಟೋಬರ್ 21ರಿಂದ ಎಫ್‌ಟಿಸಿಯ ಹೊಸ ನಿಯಮ ಬಂದಿದೆ: ಇಂಥದ್ದೇ ಅಭಿಪ್ರಾಯ ಬರಬೇಕೆಂಬ ಷರತ್ತಿನ ಮೇಲೆ ವಿಮರ್ಶೆ ಕೊಳ್ಳುವುದೇ ನಿಯಮಬಾಹಿರ, ಒಂದೊಂದು ಉಲ್ಲಂಘನೆಗೂ ದಂಡ.

ನಮ್ಮಲ್ಲಿ ಪರಿಸ್ಥಿತಿ ಕನ್ನಡದ ಬಹಳಷ್ಟು ಪುಸ್ತಕ ಪೇಜುಗಳಿಗೆ ಗೊತ್ತಿರುವುದಕ್ಕಿಂತ ಬಿಗಿಯಾಗಿದೆ. ಜಾಹೀರಾತು ಮಾನದಂಡ ಮಂಡಳಿ ಎಎಸ್‌ಸಿಐ 2021ರ ಜೂನ್ 14ರಿಂದ ಪ್ರಭಾವಿಗಳಿಗೆ, ಅಂದರೆ ಸಾಮಾಜಿಕ ಜಾಲತಾಣದ ಇನ್‌ಫ್ಲುಯೆನ್ಸರ್‌ಗಳಿಗೆ, ಮಾರ್ಗಸೂಚಿ ತಂದಿತು. ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ 2022ರ ಜೂನಿನಲ್ಲಿ ಬಂತು, ಪ್ರಭಾವಿಗಳಿಗೆಂದೇ ಸರಳ ಭಾಷೆಯ ಕೈಪಿಡಿ 2023ರ ಜನವರಿಯಲ್ಲಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಶಿಫಾರಸು ಮಾಡಿದವರನ್ನು ಒಂದು ವರ್ಷ, ಆಮೇಲೆ ಮೂರು ವರ್ಷದವರೆಗೆ ಆ ಕೆಲಸದಿಂದಲೇ ದೂರ ಇಡಬಹುದು. ಆನ್‌ಲೈನ್ ವಿಮರ್ಶೆಗಳಿಗೆ ಐಎಸ್ 19000:2022 ಎಂಬ ಮಾನದಂಡವಿದೆ, ಬಂದಾಗ ಅದು ಐಚ್ಛಿಕವಾಗಿತ್ತು.

ಈ ಮಾರ್ಗಸೂಚಿಗಳಂತೆ ಬಹಿರಂಗಪಡಿಸಬೇಕಾದ ನಂಟು ಎಂದರೆ ನಗದು ಮಾತ್ರವಲ್ಲ. ಪುಕ್ಕಟೆ ವಸ್ತು, ಅದಕ್ಕೆ ಷರತ್ತಿರಲಿ ಬಿಡಲಿ, ರಿಯಾಯಿತಿ, ಪ್ರವಾಸದ ಖರ್ಚು, ಪ್ರಶಸ್ತಿ, ನೆಂಟಸ್ತಿಕೆ, ಸ್ನೇಹ, ಉದ್ಯೋಗದ ಸಂಬಂಧ ಎಲ್ಲವೂ ಸೇರಿವೆ. ಕನ್ನಡದ ಪುಸ್ತಕಲೋಕ ನಿಂತಿರುವುದೇ ಈ ಪಟ್ಟಿಯ ಕೊನೆಯ ಮೂರರ ಮೇಲೆ ಎಂದರೆ ತಮಾಷೆಯಲ್ಲ. ಪತ್ರಿಕೆಗಳ 'ಸಾದರ ಸ್ವೀಕಾರ' ಅಂಕಣ ಈ ವಿಷಯದಲ್ಲಿ ಪ್ರಾಮಾಣಿಕ: ಪುಸ್ತಕ ಬಂದಿದೆ, ಇಷ್ಟು ಪುಟ, ಇಷ್ಟು ಬೆಲೆ, ಮುಗಿಯಿತು. ಅದನ್ನು ಯಾರೂ ವಿಮರ್ಶೆ ಎಂದುಕೊಳ್ಳುವುದಿಲ್ಲ. ಗೆಳೆಯನ ಕಾದಂಬರಿಗೆ ಬೆನ್ನುಡಿ ಬರೆದು, ಬಿಡುಗಡೆಯ ವೇದಿಕೆಯಲ್ಲಿ ಮಾತಾಡಿ, ಮುಂದಿನ ವಾರ ಅದೇ ಪುಸ್ತಕದ ವಿಮರ್ಶೆಯನ್ನು ಮೂರನೆಯವರಂತೆ ಬರೆಯುವುದು ಪ್ರಾಮಾಣಿಕವಲ್ಲ.

ಇಷ್ಟಾದರೂ ಈ ಕಾನೂನುಗಳಲ್ಲಿ ಒಂದೂ 'ಸೇವ್ ದ ಪರ್ಲ್ಸ್' ಬಗೆಯ ಸಮಸ್ಯೆಯನ್ನು ಮುಟ್ಟುವುದಿಲ್ಲ. ಅಚ್ಚುಕಟ್ಟಾಗಿ 'ಜಾಹೀರಾತು' ಎಂದು ಬರೆದು ಆ ವಿಡಿಯೊವನ್ನು ಹಂಚಿದವರು ಕಾನೂನಿನ ಕಣ್ಣಲ್ಲಿ ನಿರ್ದೋಷಿ.

ಇದೇ ಕೋರಿಕೆ ಒಂದು ಕನ್ನಡ ಪುಸ್ತಕ ಪೇಜಿಗೆ ಬಂದರೆ

ಇಪ್ಪತ್ತು ಸಾವಿರ ಓದುಗರಿರುವ ಪೇಜ್ ಎಂದಿಟ್ಟುಕೊಳ್ಳಿ. ಹೊಸ ಫ್ಯಾಂಟಸಿ ಕಾದಂಬರಿಯ ಲೇಖಕರು ಬರೆಯುತ್ತಾರೆ: ಒಂದು ರೀಲ್, ಎರಡು ಪೋಸ್ಟ್, ಒಂದು ವಿಮರ್ಶೆ, ಎಲ್ಲ ಸೇರಿ ಆರು ಸಾವಿರ ರೂಪಾಯಿ, ಬಿಡುಗಡೆಗೆ ಹತ್ತು ದಿನ ಇದೆ, ಪಿಡಿಎಫ್ ಜೊತೆಗಿದೆ. ಕಾದಂಬರಿಯಲ್ಲಿ ಪಶ್ಚಿಮಘಟ್ಟದ ಕಾಡಿನೊಳಗೆ ಗುಂಗುರು ಕೂದಲಿನ, ದೈತ್ಯ ಮೈಕಟ್ಟಿನ ಕಪ್ಪು ಜನಾಂಗವೊಂದಿದೆ. ಅವರು ಬೇಟೆಯಾಡುತ್ತಾರೆ, ಕುಣಿಯುತ್ತಾರೆ, ನಾಯಕನಿಗಾಗಿ ಪ್ರಾಣ ಕೊಡುತ್ತಾರೆ, ಪೂರ್ತಿ ಒಂದು ವಾಕ್ಯ ಮಾತಾಡುವುದಿಲ್ಲ. ಉದಾಹರಣೆ ಕಲ್ಪಿತ, ಆದರೆ ಯಲ್ಲಾಪುರ, ಹಳಿಯಾಳದ ಕಡೆ ತಲೆಮಾರುಗಳಿಂದ ಬದುಕಿರುವ ಆಫ್ರಿಕಾ ಮೂಲದ ಸಿದ್ದಿಗಳು ಕಲ್ಪಿತರಲ್ಲ. 2003ರಿಂದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿರುವ, ಮಕ್ಕಳನ್ನು ಕನ್ನಡ ಶಾಲೆಗೆ ಕಳಿಸುವ ಜನ ಅವರು. ಈ ಪುಸ್ತಕ ಅವರ ಮಕ್ಕಳ ಕೈಗೂ ಹೋಗುತ್ತದೆ.

ಪೇಜ್ ನಡೆಸುವವರು ಮೊದಲು ಮಾಡಬೇಕಾದದ್ದು ಪ್ಯಾಕೇಜನ್ನು ಬಿಡಿಸುವುದು. ರೀಲ್, ಪೋಸ್ಟ್ ಜಾಹೀರಾತು, ಅವಕ್ಕೆ ಹಣ ತೆಗೆದುಕೊಳ್ಳಬಹುದು. ವಿಮರ್ಶೆಯನ್ನು ಪಟ್ಟಿಯಿಂದ ತೆಗೆಯಬೇಕು. ಅದನ್ನು ಮಾರಬಾರದು, ಅದೇ ತಿಂಗಳು ಅದೇ ಪುಸ್ತಕಕ್ಕೆ ಬರೆಯದಿದ್ದರೆ ಇನ್ನೂ ಒಳ್ಳೆಯದು. ಎರಡನೆಯದು, ಒಪ್ಪಿಗೆ ಕೊಡುವ ಮೊದಲೇ ಓದುವುದು. ಮುಂಗಡ ಬಂದ ಮೇಲೆ ಓದುವ ಕಣ್ಣು ಬೇರೆಯೇ ಆಗಿರುತ್ತದೆ, ಎಷ್ಟೇ ಪ್ರಾಮಾಣಿಕರಾದರೂ. ಮುನ್ನೂರು ಪುಟಕ್ಕೆ ನಾಲ್ಕೈದು ದಿನ ಬೇಕು, ಹಾಗಾಗಿ ಹತ್ತು ದಿನದ ಗಡುವು ಸಾಲದು, ಮೂರು ವಾರ ಕೇಳಬೇಕು. ಅಷ್ಟು ಸಮಯವಿಲ್ಲವೆಂದರೆ ಮುಖಪುಟದ ಚಿತ್ರ, ಬೆಲೆ, ದೊರೆಯುವ ಸ್ಥಳ ಇಷ್ಟನ್ನು ಮಾತ್ರ ಜಾಹೀರಾತಾಗಿ ಹಾಕಿ, 'ಪುಸ್ತಕ ಓದಿಲ್ಲ' ಎಂದು ಬರೆಯಬಹುದು. ಆ ಮುಖಪುಟವನ್ನಾದರೂ ಕಣ್ಣಿಟ್ಟು ನೋಡಿರಬೇಕು.

ಓದುವಾಗ ಪೆನ್ಸಿಲ್ ಹಿಡಿದು ಗುರುತು ಹಾಕಬೇಕಾದ ಜಾಗಗಳಿವೆ. ಮೈಬಣ್ಣದ ವರ್ಣನೆ ಯಾರಿಗೆ ಮಾತ್ರ ಬರುತ್ತದೆ? ನಾಯಕನ ಬಣ್ಣ ಹೇಳದೆ ಉಳಿದವರದ್ದು ಹೇಳುತ್ತಿದ್ದರೆ ಲೇಖಕರ ಮನಸ್ಸಿನಲ್ಲಿ 'ಸಾಮಾನ್ಯ' ಬಣ್ಣ ಒಂದಿದೆ ಎಂದಾಯಿತು. ಯಾರನ್ನು ಪ್ರಾಣಿಗೆ ಹೋಲಿಸಿದೆ, ಎಷ್ಟು ಸಲ? ಒಂದು ಜನಾಂಗದ ಎಲ್ಲರಿಗೂ ಒಂದೇ ಗುಣವೇ, ಅಥವಾ ಅವರೊಳಗೆ ಜಿಪುಣ, ಕವಿ, ಹೇಡಿ, ತರಲೆ ಹುಡುಗಿ ಇದ್ದಾರೆಯೇ? ಅವರು ಪರಸ್ಪರ ಏನು ಮಾತಾಡಿಕೊಳ್ಳುತ್ತಾರೆ? ಕೊನೆಯಲ್ಲಿ ಸತ್ತವರ ಲೆಕ್ಕ ಹಾಕಿದರೆ ಯಾವ ಕಡೆ ಹೆಚ್ಚು? ಬೆಳ್ಳಗಿರುವುದು ದೇವಲೋಕ, ಕಪ್ಪಗಿರುವುದು ರಾಕ್ಷಸಕುಲ ಎಂಬ ಚಂದಮಾಮದ ಕಾಲದ ಬಣ್ಣಗಾರಿಕೆಯಲ್ಲಿ ಬೆಳೆದವರಿಗೆ ಇವು ಮೊದಲ ಓದಿಗೆ ಕಾಣುವುದಿಲ್ಲ, ಎಣಿಸಿದರೆ ಕಾಣುತ್ತವೆ.

'ನಾನು ತಲೆಕೆಳಗು ಮಾಡಿದ್ದೇನೆ, ಇಲ್ಲಿ ಬಲಿಷ್ಠರೇ ಬಲಿಪಶುಗಳು' ಎಂಬ ಕಥೆಗಳಿಗೆ ಇನ್ನೊಂದು ಪರೀಕ್ಷೆ ಬೇಕು. ಅಧಿಕಾರದ ಜೊತೆ ಹೆಸರು, ಸೌಂದರ್ಯ, ಬೈಗುಳ, ಕಥೆ ಹೇಳುವ ಕಣ್ಣು ಇವೂ ತಿರುಗಿವೆಯೇ ಎಂದು ಒಂದೊಂದಾಗಿ ನೋಡಬೇಕು. 'ಸೇವ್ ದ ಪರ್ಲ್ಸ್' ಬಿದ್ದದ್ದು ಇಲ್ಲಿ. ತುಳಿತಕ್ಕೊಳಗಾದವರ ನೋವನ್ನು ತುಳಿದವರ ವಂಶದವಳಿಗೆ ತೊಡಿಸಿದರೆ ಓದುಗರಿಗೆ ಅನುಕಂಪ ಹುಟ್ಟುವುದು ಆಕೆಯ ಮೇಲೆ. ನಿಜವಾಗಿ ತುಳಿತಕ್ಕೊಳಗಾದವರು ಕಥೆಯೊಳಗೆ ಖಳರಾಗಿ ನಿಂತಿರುತ್ತಾರೆ.

ಅನುಮಾನ ಬಂದರೆ ಇನ್ನೊಬ್ಬರಿಂದ ಓದಿಸಬೇಕು, ಅದೂ ಆ ಸಮುದಾಯದವರಿಂದ, ಸಂಭಾವನೆ ಕೊಟ್ಟು. ಅದು ಲೇಖಕರ ಖರ್ಚು, ಹಸ್ತಪ್ರತಿಯ ಹಂತದಲ್ಲೇ ಆಗಬೇಕಾದ ಕೆಲಸ. ಒಬ್ಬರು ಓದಿ ಸರಿ ಎಂದದ್ದನ್ನು ಇಡೀ ಸಮುದಾಯದ ಮುದ್ರೆಯಂತೆ ಬಳಸಬಾರದು. ಅವರ ಹೆಸರನ್ನು ಕೇಳದೆ ಪುಸ್ತಕದಲ್ಲಿ ಹಾಕಲೂಬಾರದು, ನಾಳೆ ಟೀಕೆ ಬಂದಾಗ ಗುರಾಣಿಯಾಗುವುದು ಅವರೇ.

ಒಪ್ಪಂದವನ್ನು ಇಮೇಲಿನಲ್ಲಿ ನಾಲ್ಕು ಸಾಲು ಬರೆದುಕೊಂಡರೂ ಸಾಕು. ಪ್ರಕಟಿಸುವ ಮಾತುಗಳ ಮೇಲೆ ಕೊನೆಯ ತೀರ್ಮಾನ ಪೇಜಿನದು. ಓದಿದ ಮೇಲೆ ಕಾರಣ ಹೇಳಿ ಹಿಂದೆ ಸರಿಯುವ ಹಕ್ಕಿದೆ, ಆಗ ಪಡೆದ ಹಣ ಇಷ್ಟು ದಿನದೊಳಗೆ ವಾಪಸ್. ಲೇಬಲ್ ತೆಗೆಯಲು ಕೇಳುವಂತಿಲ್ಲ. ಪೋಸ್ಟಿನ ಸಾಲುಗಳನ್ನು ಮುಂದಿನ ಮುದ್ರಣದ ಬೆನ್ನುಡಿಯಲ್ಲಿ ಬಳಸುವುದಾದರೆ 'ಪ್ರಾಯೋಜಿತ' ಎಂಬ ಮಾತೂ ಜೊತೆಗೆ ಹೋಗಬೇಕು. ಎಲ್ಲಕ್ಕಿಂತ ಹೆಚ್ಚು ಮುರಿಯುವ ಷರತ್ತು ಇದೇ. ದುಡ್ಡು ಕೊಟ್ಟು ಬರೆಸಿದ ಮೆಚ್ಚುಗೆ ಆರು ತಿಂಗಳಲ್ಲಿ ಮುಖಪುಟದ ಮೇಲೆ ವಿಮರ್ಶಕರ ಅಭಿಪ್ರಾಯವಾಗಿ ಕೂತಿರುತ್ತದೆ.

ಲೇಬಲ್ಲಿನ ವಿಷಯದಲ್ಲಿ ಎಎಸ್‌ಸಿಐ ಮಾರ್ಗಸೂಚಿಯಲ್ಲಿ ಅಳತೆಗಳಿವೆ. ಹದಿನೈದು ಸೆಕೆಂಡಿನೊಳಗಿನ ವಿಡಿಯೊದಲ್ಲಿ ಅದು ಕನಿಷ್ಠ ಮೂರು ಸೆಕೆಂಡು ಕಾಣಬೇಕು. ಅದಕ್ಕಿಂತ ಉದ್ದವಾಗಿದ್ದು ಎರಡು ನಿಮಿಷ ಮುಟ್ಟದಿದ್ದರೆ ವಿಡಿಯೊದ ಮೂರನೇ ಒಂದು ಭಾಗದಷ್ಟು ಹೊತ್ತು. ಎರಡು ನಿಮಿಷ ಮತ್ತು ಮೇಲ್ಪಟ್ಟರೆ ಪುಸ್ತಕದ ಮಾತಿರುವಷ್ಟು ಹೊತ್ತೂ. ಆಡಿಯೊ ಆದರೆ ಆರಂಭದಲ್ಲೂ ಕೊನೆಯಲ್ಲೂ ಬಾಯಿಬಿಟ್ಟು ಹೇಳಬೇಕು. ಹ್ಯಾಶ್‌ಟ್ಯಾಗುಗಳ ಸಂತೆಯಲ್ಲಿ ಹನ್ನೊಂದನೆಯದಾಗಿ ಅಡಗಿಸಿದರೆ ಲೆಕ್ಕಕ್ಕಿಲ್ಲ. ಜಾಹೀರಾತಿನ ಭಾಷೆಯಲ್ಲೇ ಲೇಬಲ್ ಹಾಕಲು ಅವಕಾಶವಿದೆ, ಹಾಗಾಗಿ ಕನ್ನಡದ ರೀಲಿನಲ್ಲಿ 'ಹಣ ಪಡೆದ ಜಾಹೀರಾತು' ಎಂದೇ ಬರೆಯಬಹುದು. 'ಕೊಲಾಬ್' ಎಂಬುದಕ್ಕಿಂತ ಅದು ಹೆಚ್ಚು ಜನರಿಗೆ ಅರ್ಥವಾಗುತ್ತದೆ.

ಪ್ರಕಟವಾದ ಮೇಲೆ ಆಕ್ಷೇಪ ಬಂದರೆ? ಮೊದಲು ಆ ರೀಲನ್ನು ದುಡ್ಡು ಹಾಕಿ ಹೆಚ್ಚು ಜನಕ್ಕೆ ತಲುಪಿಸುತ್ತಿದ್ದರೆ ನಿಲ್ಲಿಸಬೇಕು. ಆಕ್ಷೇಪದಲ್ಲಿ ಹೇಳಿರುವ ಪುಟಗಳನ್ನು ತೆರೆದು ಮತ್ತೆ ಓದಬೇಕು. ಆ ಒಂದೆರಡು ದಿನ ಲೇಖಕರ ಪರವಾಗಿ ವಾದಿಸುವ ಆಸೆಗೆ ಬೀಳಬಾರದು, ಕೇ ಮಾಡಿದ್ದು ಅದನ್ನೇ. ಆಕ್ಷೇಪ ಸರಿ ಎನಿಸಿದರೆ ಪೋಸ್ಟನ್ನು ಅಳಿಸದೆ, ಅದರ ನೆತ್ತಿಯ ಮೇಲೆ ದಿನಾಂಕದೊಂದಿಗೆ ಬರೆಯಬೇಕು: ಯಾವ ಪುಟದ ಯಾವ ಸಂಗತಿ, ನಾವು ಏನನ್ನು ಗಮನಿಸಲಿಲ್ಲ, ಪಡೆದ ಹಣ ಎಷ್ಟು, ಅದನ್ನು ಏನು ಮಾಡಿದೆವು. ಚಿತ್ರವೇ ಅವಮಾನಕರವಾಗಿದ್ದರೆ ಚಿತ್ರವನ್ನಷ್ಟೇ ತೆಗೆದು, ತೆಗೆದಿದ್ದೇವೆ ಎಂದು ಬರೆಯುವುದು. ಕಾಮೆಂಟುಗಳನ್ನು ಮುಚ್ಚಬಾರದು, ಆದರೆ ಆಕ್ಷೇಪಿಸಿದವರ ಜಾತಿ, ಬಣ್ಣ ಹಿಡಿದು ಬೈಯುವವರನ್ನು ಆ ಕ್ಷಣವೇ ಹೊರಹಾಕಬೇಕು. ಆಕ್ಷೇಪ ಸರಿಯಲ್ಲ ಎನಿಸಿದರೆ ಅದನ್ನೂ ಕಾರಣ ಸಮೇತ ಹೇಳಬಹುದು, ಪಡೆದ ಆರು ಸಾವಿರದ ಮಾತನ್ನು ಮೊದಲ ಸಾಲಿನಲ್ಲೇ ಇಟ್ಟು.